ಸ್ಟೇಕ್ (ದನದ ಮಾಂಸದ ದಪ್ಪ ತುಂಡು) ರಬ್ಬರ್ ಆಗ್ತಿದೆ, ಎಲ್ಲಾ ಮಾಡಿ ಆಯ್ತು!!

ಡಲ್ಲಾಸ್_ಹೈದ:
ಕ್ಯಾಸ್ಟ್ ಐರನ್ ಬಾಣಲೆ, ಜೋರು ಉರಿ, ಒಂದೊಂದು ಮಗ್ಗುಲು 4 ನಿಮಿಷ, ಬೆಣ್ಣೆ, ಬೆಳ್ಳುಳ್ಳಿ. ಒಳಗೆ ಗುಲಾಬಿ ಬಣ್ಣವೇ ಬರುತ್ತೆ, ಆದ್ರೂ ಅಗಿದು ಅಗಿದು ದವಡೆ ನೋವು. ಥರ್ಮಾಮೀಟರ್ ತಗೊಳ್ಳಿ ಅನ್ನಬೇಡಿ. ಇದೆ, ಒಳಗೆ 54 ಡಿಗ್ರಿ ಆಗ್ತಿದ್ದಂಗೇ ಒಲೆಯಿಂದ ಇಳಿಸ್ತೀನಿ.

ಕಾವಲಿ_ಕಿಂಗ್:
ಬಾಣಲೆ ಕಾದಿಲ್ಲ. ಮಾಂಸ ಒದ್ದೆ ಇದ್ರೆ ಕಾವೆಲ್ಲ ನೀರು ಆರೋಕೇ ಹೋಗುತ್ತೆ. ಉಪ್ಪು ಹಚ್ಚಿ 10-15 ನಿಮಿಷಕ್ಕೆ ಹಾಕಿದ್ರಂತೂ ಕೆಟ್ಟ ಹೊತ್ತು, ನೀರು ಹೊರಗೆ ಬಂದಿರುತ್ತೆ, ವಾಪಸ್ ಹೀರ್ಕೊಂಡಿರಲ್ಲ. ಬಾಣಲೆಗೆ ಹಾಕೋ ಕ್ಷಣದಲ್ಲಿ ಉಪ್ಪು ಹಾಕಿ, ಇಲ್ಲಾ 45 ನಿಮಿಷ ಮುಂಚೆ. ರಾತ್ರಿಯೇ ಹಚ್ಚಿ ಫ್ರಿಜ್‌ನಲ್ಲಿ ಜಾಲರಿ ಮೇಲೆ ಮುಚ್ಚದೆ ಇಟ್ರೆ ಇನ್ನೂ ಚೆನ್ನ.

ಡಲ್ಲಾಸ್_ಹೈದ:
ಸರ್, ಮೇಲೆ ಕಂದು ಪದರ ಚೆನ್ನಾಗೇ ಇದೆ. ತೊಂದರೆ ಒಳಗೆ.

ಕಾವಲಿ_ಕಿಂಗ್:
ಆದ್ರೂ ಬಾಣಲೆದೇ. 230 ಡಿಗ್ರಿ ಮುಟ್ಟಿದೆಯಾ, ಇನ್ಫ್ರಾರೆಡ್ ಗನ್ (ಮುಟ್ಟದೇ ಕಾವು ಅಳೆಯೋ ಥರ್ಮಾಮೀಟರ್) ಹಿಡಿದು ನೋಡಿ.

ತುಪ್ಪದ_ಗಿಂಡಿ:
ಬೆಣ್ಣೆ ಮೊದಲೇ ಹಾಕಿದ್ರೆ ಹಾಲಿನಂಶ ಸೀದು ಕಹಿ. ತುಪ್ಪ ಹಾಕಿ.

ಕಾವಲಿ_ಕಿಂಗ್:
ಸ್ಟೇಕ್‌ಗೆ ತುಪ್ಪದ ಘಮವಾ? ಅವಕಾಡೊ ಎಣ್ಣೆ ಹಾಕಿ, ಬೆಣ್ಣೆ ಕೊನೇ ನಿಮಿಷಕ್ಕೆ.

ಕುಡ್ಲದ_ಕತ್ತಿ:
ಬಾಣಲೆ ಜಗಳ ಸಾಕು ಮಾರಾಯ್ರೆ. ಯಾವ ತುಂಡು ಅಂತ ಯಾರೂ ಕೇಳಲಿಲ್ಲ. ಪಕ್ಕೆಲುಬಿನ ರಿಬೈಯಾ, ಬೆನ್ನಿನ ಹಿಂಭಾಗದ ಸರ್ಲಾಯ್ನಾ?

ಡಲ್ಲಾಸ್_ಹೈದ:
ಮಾಮೂಲಿ ಸ್ಟೇಕೇ. ಪ್ಯಾಕ್ ಮೇಲೆ ‘ಲಂಡನ್ ಬ್ರಾಯ್ಲ್’ ಅಂತಿದೆ. ಒಂದು ಇಂಚು ದಪ್ಪ.

ಕುಡ್ಲದ_ಕತ್ತಿ:
ಸಿಕ್ಕಿತು! ಅದು ತುಂಡಿನ ಹೆಸರಲ್ಲ, ಅಡುಗೆಯ ಕ್ರಮ. ಅಮೆರಿಕದ ಅಂಗಡಿಗಳಲ್ಲಿ ಆ ಚೀಟಿಯ ಅಡಿಯಲ್ಲಿ ಇರುವುದು ಹೆಚ್ಚಾಗಿ ಟಾಪ್ ರೌಂಡ್, ಹಿಂದೊಡೆಯ ಮಾಂಸ. ದುಡಿದು ಗಟ್ಟಿಯಾದ ಸ್ನಾಯು, ಕೊಬ್ಬು ಕಡಿಮೆ. 54 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಇದ್ದರೆ ಅದರ ಕೊಲಾಜನ್, ಅಂದರೆ ಸ್ನಾಯುವನ್ನು ಹಿಡಿದಿಡುವ ಗಟ್ಟಿ ನಾರು, ಕರಗುವುದಿಲ್ಲ, ಬಾಣಲೆ ಕೆಂಪಗೆ ಕಾದರೂ ಅಷ್ಟೆ.
ಸೂ ವೀಡ್ (ಮಾಂಸವನ್ನು ಚೀಲದಲ್ಲಿ ಮುಚ್ಚಿ ಒಂದೇ ಹದದ ಬಿಸಿನೀರಿನಲ್ಲಿ ಬೇಯಿಸುವ ಸಾಧನ) ಉಂಟಾದರೆ 57 ಡಿಗ್ರಿಯಲ್ಲಿ 18-24 ಗಂಟೆ, ಮತ್ತೆ ಚೆನ್ನಾಗಿ ಒರೆಸಿ ಒಂದೊಂದು ನಿಮಿಷ ಬಾಣಲೆಗೆ. ಇಲ್ಲದಿದ್ದರೆ ಮಾಂಸದ ನಾರಿನ ಎಳೆ ಯಾವ ಕಡೆಗೆ ಉಂಟು ಅಂತ ಹಸಿ ಇರುವಾಗಲೇ ನೋಡಿಟ್ಟುಕೊಳ್ಳಿ, ಬೆಂದ ಮೇಲೆ ಕಾಣುವುದು ಕಷ್ಟ. ಒಳಗೆ 51 ಡಿಗ್ರಿ ಆದಾಗ ಒಲೆಯಿಂದ ಇಳಿಸಿ, ಹತ್ತು ನಿಮಿಷ ಬಿಟ್ಟು, ಎಳೆಗೆ ಅಡ್ಡಲಾಗಿ 3 ಮಿ.ಮೀ. ತೆಳ್ಳಗೆ ಕೊಯ್ಯಿರಿ. ಇಡೀ ತುಂಡನ್ನು ತಟ್ಟೆಗೆ ಹಾಕುವ ಮಾಂಸವೇ ಅಲ್ಲ ಅದು. ಅಗ್ಗಕ್ಕೆ ಮೆತ್ತಗಿನದು ಬೇಕಾದರೆ ಭುಜದ ‘ಫ್ಲ್ಯಾಟ್ ಐರನ್’ ಕೇಳಿ.

ಡಲ್ಲಾಸ್_ಹೈದ:
ಪರಂಗಿಕಾಯಿ ಅರೆದು ಹಚ್ಚಿದ್ರೆ?

ಕುಡ್ಲದ_ಕತ್ತಿ:
ಅರ್ಧ ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಮೇಲ್ಪದರ ಹಿಟ್ಟು ಹಿಟ್ಟಾಗುತ್ತದೆ, ನಡುವಿಗೆ ಇಳಿಯುವುದೇ ಇಲ್ಲ.

ಕಾವಲಿ_ಕಿಂಗ್:
ನಮ್ದು ಕಾರ್ಬನ್ ಸ್ಟೀಲ್ ಬಾಣಲೆ, ಅಂಟದಿರಲಿ ಅಂತ ಅಗಸೆ ಎಣ್ಣೆ ಸವರಿ ಕಾಯಿಸಿ ಆರು ಪದರ ಕೂರಿಸಿದೀನಿ. ಕನ್ನಡಿ ಥರ ಇದೆ, ಫೋಟೋ ಹಾಕ್ಲಾ?

ತುಪ್ಪದ_ಗಿಂಡಿ:
ಅಗಸೆ ಎಣ್ಣೆ ಪದರ ಚಕ್ಕೆ ಚಕ್ಕೆಯಾಗಿ ಏಳುತ್ತೆ ಸ್ವಾಮಿ. ಅದಕ್ಕೆ ಬೇರೆ ಥ್ರೆಡ್ ತೆಗೀರಿ.