ಕಾದಂಬರಿಗೆ ಮೂರು, ಮಂಗಾಕ್ಕೆ ಐದು: ಇದ್ಯಾವ ಲೆಕ್ಕ?

ಪುಟಗಳ್ಳ: ಈ ತಿಂಗಳ ರಾಶಿಯಲ್ಲಿ ಅಡುಗೆ ಪುಸ್ತಕದಿಂದ ಹಿಡಿದು ಪತ್ತೇದಾರಿವರೆಗೆ ಎಲ್ಲಾ ಇತ್ತು. ಬರೆಯಬೇಕು ಅನಿಸಿದ್ದು ಎರಡರ ಬಗ್ಗೆ, ಎರಡೂ ಹಿರೋಷಿಮಾದ್ದು. ಮಸುಜಿ ಇಬುಸೆಯ ‘ಬ್ಲ್ಯಾಕ್ ರೇನ್’ ಕಾದಂಬರಿ, ಕೇಜಿ ನಕಜಾವಾನ ಮಂಗಾ (ಜಪಾನಿ ಚಿತ್ರಕಥೆ) ‘ಬೇರ್‌ಫೂಟ್ ಗೆನ್’, 10 ಸಂಪುಟ. ಎರಡೂ ಇಂಗ್ಲಿಷಿನಲ್ಲೇ ಓದಿದ್ದು. ಕಾದಂಬರಿಗೆ ಐದಕ್ಕೆ ಮೂರು ಸ್ಟಾರ್, ಮಂಗಾಕ್ಕೆ ಐದಕ್ಕೈದು. ಕಾದಂಬರಿಯಲ್ಲಿ ಒಬ್ಬಾತ ಕೂತು ಡೈರಿ ನಕಲು ಮಾಡ್ತಾನೆ, ಮೀನು ಸಾಕ್ತಾನೆ. ಆಕಳಿಕೆ ಬಂತು. ಮಂಗಾದ ಹುಡುಗ ಗೆನ್ ಮಾತ್ರ ಮೂರು ರಾತ್ರಿ ನಿದ್ದೆ ಕೆಡಿಸಿದ. ವರ್ಷದ ಲೆಕ್ಕಕ್ಕೆ ಎರಡೂ ಸೇರಿ 11 ಪುಸ್ತಕ ಅಂತ ಬರ್ಕೊಂಡಿದ್ದೀನಿ. ಬಯ್ಯೋರು ಬಯ್ಯಬಹುದು.

ಸಂಜೆಓದು: ಬಯ್ಯೋಕೇ ಬಂದೆ. ಸ್ಟಾರ್ ನಿಮ್ಮಿಷ್ಟ. ಆದರೆ ಆತ ಡೈರಿ ಯಾಕೆ ನಕಲು ಮಾಡ್ತಾನೆ ಅನ್ನೋದನ್ನೇ ನೀವು ಬರೆದಿಲ್ಲವಲ್ಲ? ಶಿಗೆಮಾತ್ಸು ತನ್ನ ಮನೆಯಲ್ಲೇ ಇಟ್ಟುಕೊಂಡು ಸಾಕಿದ ಯಸುಕೊಗೆ ಗಂಡು ಹುಡುಕ್ತಿದ್ದಾನೆ. ಬಾಂಬ್ ಬಿದ್ದ ದಿನ ಹುಡುಗಿ ಅಲ್ಲೇ ಇದ್ದಳಂತೆ, ಕಾಯಿಲೆ ಇದೆಯಂತೆ ಅಂತ ಊರು ಆಡಿಕೊಂಡು ಸಂಬಂಧ ತಪ್ಪಿಹೋಗುತ್ತೆ. ಅವಳಿಗೇನೂ ಆಗಿಲ್ಲ ಅಂತ ಗಂಡಿನ ಕಡೆಯವರಿಗೆ ತೋರಿಸೋಕೆ ಅವಳ ಡೈರಿಯ ನಕಲು. ಬಾಂಬಿನ ವಿಕಿರಣ ಹೊತ್ತು ಸುರಿದ ಕಪ್ಪು ಮಳೆ ಅವಳ ಮೈಮೇಲೆ ಬಿದ್ದದ್ದೂ ಅದೇ ಡೈರಿಯಲ್ಲಿದೆ! ಜಾತಕದ ಹಿಂದೆಯೇ ‘ಹುಡುಗಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರ್ತಿತ್ತಂತೆ’ ಅನ್ನೋ ಪಿಸುಮಾತು ಓಡಾಡೋದನ್ನ ನಮ್ಮ ಮನೆಗಳಲ್ಲಿ ಕೇಳಿದವರಿಗೆ ಅಲ್ಲಿ ಆಕಳಿಕೆ ಹೇಗಪ್ಪಾ ಬರುತ್ತೆ?

ಹಾವೇರಿ ಹುಡುಗ: ಮೇಡಂ ಹೇಳಿದ್ದು ಖರೇ ಐತ್ರಿ. ಹಂಗ ನೋಡಿದ್ರ ಗೆನ್ ಬಗ್ಗೇನೂ ಇವ್ರು ಏನೂ ಬರ್ದಿಲ್ಲ. ನಿದ್ದಿ ಕೆಡ್ತು ಅಂದ್ರ ವಿಮರ್ಶೆ ಆತೇನ್ರೀ? ಶುರುವಿನಾಗ ಅಪ್ಪ ಮಕ್ಕಳಿಗೆ ಗೋಧಿ ಸಸಿ ತೋರಿಸಿ, ತುಳಿದ್ರೂ ಬೇರು ಗಟ್ಟಿ ಮಾಡ್ಕೊಂಡು ಏಳ್ತದ, ಹಂಗ ಬೆಳೀರಿ ಅಂತಾನ. ನಮ್ಮ ಕಡೆ ಗುಳಿ ರಾಗಿ ಎಳೇದಿದ್ದಾಗ ಅದರ ಮ್ಯಾಲೆ ಎತ್ತು ಕಟ್ಟಿ ಕೊರಡು ಹೊಡೀತಾರ. ಪೈರು ಪೂರಾ ಮಲಗ್ತದ, ನೋಡಿದವ್ರ ಹೊಟ್ಟಿ ಚುರ್ ಅಂತದ. ಆಮ್ಯಾಲೆ ಎದ್ದು ಮೊದಲಿಗಿಂತ ಜಾಸ್ತಿ ತೆಂಡಿ ಒಡೀತದ. ನಮ್ಮಪ್ಪಗ ಆ ಪುಟ ತೋರಿಸ್ದೆ. ಇಂಗ್ಲಿಷ್ ಒಂದಕ್ಷರ ಬರಂಗಿಲ್ಲ ಅವ್ರಿಗೆ. ‘ಇವ್ರೂ ಕೊರಡು ಹೊಡೀತಾರೇನಲೇ?’ ಅಂದ್ರು.

ಮಸಿಕುಂಚ: ಮಾರಾಯ್ರೇ, ಇಷ್ಟು ಹೊತ್ತು ಮಾತಾಡಿದ್ರಿ, ಚಿತ್ರದ ಬಗ್ಗೆ ಒಂದು ಸಾಲಾದರೂ ಉಂಟಾ? ಮಂಗಾ ವಿಮರ್ಶೆ ಅಂತ ಬರೆಯುವವರೆಲ್ಲ ಕಥೆ ಹೇಳಿ ಮುಗಿಸಿಬಿಡ್ತಾರೆ. ಯಕ್ಷಗಾನ ನೋಡಿ ಬಂದು ಪ್ರಸಂಗ ಮಾತ್ರ ಹೇಳಿದ ಹಾಗೆ. ನಕಜಾವಾನ ಗೆರೆ ನಯವೇನಲ್ಲ. ದುಂಡು ಮುಖ, ಕಿವಿವರೆಗೆ ತೆರೆದ ಬಾಯಿ, ಪೆಟ್ಟು ಬಿದ್ದರೆ ಹುಡುಗ ಚೆಂಡಿನ ಹಾಗೆ ಹಾರುತ್ತಾನೆ. ತಮಾಷೆಯ ಚಿತ್ರ ಅಂತ ನಾವು ನಗುತ್ತಾ ಇರುವಾಗ ಬಾಂಬ್ ಬೀಳ್ತದೆ. ಆಮೇಲೆ ಅದೇ ದುಂಡು ಗೆರೆಯಲ್ಲಿ, ಚರ್ಮ ಜೋತುಬಿದ್ದ ಕೈಗಳನ್ನು ಮುಂದೆ ಚಾಚಿಕೊಂಡು ಜನ ಸಾಲಾಗಿ ನಡೆದು ಬರ್ತಾರೆ. ಮಧ್ಯೆ ಮಧ್ಯೆ ಒಂದು ಚೌಕದ ತುಂಬ ಬರೀ ಸೂರ್ಯ, ಮಾತಿಲ್ಲ. ಅದನ್ನು ಬಿಟ್ಟು ಐದು ಸ್ಟಾರ್ ಕೊಟ್ಟರೆ ಯಾವುದಕ್ಕೆ ಕೊಟ್ಟ ಹಾಗಾಯ್ತು?

ಇನ್ನೊಂದು, ಸಂಬಂಧ ಇಲ್ಲದ್ದು: ಜಪಾನಿನಲ್ಲಿ ಬಲದಿಂದ ಎಡಕ್ಕೆ ಓದುವುದಲ್ಲಾ, ಇಂಗ್ಲಿಷಿಗೆ ತರುವಾಗ ಎಷ್ಟೋ ಮಂಗಾಗಳ ಪುಟವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಅಚ್ಚು ಹಾಕಿದ್ದಾರೆ. ಆಗ ಕಿಮೋನೊದ ಬಲಗಡೆಯ ಅಂಚು ಮೇಲೆ ಬರ್ತದೆ. ಅಲ್ಲಿ ಹಾಗೆ ಉಡಿಸುವುದು ಹೆಣಕ್ಕೆ.

ಸಂಜೆಓದು: ಕಿಮೋನೊ ವಿಷಯ ಗೊತ್ತಿರಲಿಲ್ಲ. ಚಿತ್ರದ ಮಾತನ್ನೂ ಒಪ್ಪಿದೆ. ಆದರೂ ಗೆನ್ ಹತ್ತು ಸಂಪುಟವೂ ಒಂದೇ ಗಂಟಲಲ್ಲಿ ಕೂಗುತ್ತಾನೆ. ಹೊಡೆದಾಟ, ಅಳು, ಹಾಡು, ಮತ್ತೆ ಹೊಡೆದಾಟ. ನಾಲ್ಕನೇ ಸಂಪುಟದ ಹೊತ್ತಿಗೆ ನನಗೆ ಸಾಕಾಗಿತ್ತು.

ಮಸಿಕುಂಚ: ಅದು ಹುಡುಗರ ವಾರಪತ್ರಿಕೆಯ ಗುಣ ಮೇಡಂ. 1973ರಲ್ಲಿ ‘ಶೊನೆನ್ ಜಂಪ್’ನಲ್ಲಿ ಶುರುವಾದದ್ದು. ವಾರ ವಾರ ಒಂದು ಕೊಕ್ಕೆ ಹಾಕಿ ನಿಲ್ಲಿಸದಿದ್ದರೆ ಮುಂದಿನ ವಾರ ಓದುವವರು ಯಾರು? ನಮ್ಮ ‘ಸುಧಾ’, ‘ತರಂಗ’ದ ಧಾರಾವಾಹಿ ಓದಿದವರಿಗೆ ಹೇಳಬೇಕಾ?

ಸಂಜೆಓದು: ಹಾಗಂದ್ರೆ ‘ಬ್ಲ್ಯಾಕ್ ರೇನ್’ ಕೂಡ ಧಾರಾವಾಹಿಯೇ. 1965–66ರಲ್ಲಿ ‘ಶಿಂಚೊ’ ಪತ್ರಿಕೆಯಲ್ಲಿ ಬಂತು. ಅದು ಕೂಗಲಿಲ್ಲವಲ್ಲ.

ಮಸಿಕುಂಚ: ಅದು ದೊಡ್ಡವರ ಸಾಹಿತ್ಯಪತ್ರಿಕೆ. ಮತ್ತೆ ಇಬುಸೆ ಆ ದಿನ ನಗರದಲ್ಲಿ ಇರಲಿಲ್ಲ, ಬದುಕುಳಿದ ಒಬ್ಬರ ಡೈರಿಯ ಆಧಾರದಲ್ಲಿ ಬರೆದದ್ದು. ನಕಜಾವಾ ಆರು ವರ್ಷದವ, ಶಾಲೆಯ ಗೋಡೆ ಅಡ್ಡ ಬಂದು ಉಳಿದ. ಅಪ್ಪ, ಅಕ್ಕ, ತಮ್ಮ ಮೂವರೂ ಮನೆಯ ಅಡಿಯಲ್ಲೇ ಹೋದರು. 1966ರಲ್ಲಿ ಅಮ್ಮ ತೀರಿಕೊಂಡಾಗ ಸುಟ್ಟ ಬೂದಿಯಲ್ಲಿ ಆರಿಸಲು ಎಲುಬು ಸಹ ಸಿಗಲಿಲ್ಲ. ವಿಕಿರಣ ಎಲುಬನ್ನೂ ಬಿಡಲಿಲ್ಲ ಅನ್ನುವ ಆ ಸಿಟ್ಟಿನಲ್ಲೇ ಬಾಂಬಿನ ಬಗ್ಗೆ ಬಿಡಿಸಲು ಕೂತದ್ದು. ಅವನು ಮೆಲ್ಲಗೆ ಮಾತಾಡಬೇಕಿತ್ತಾ?

ಸಂಜೆಓದು: ಕಂಡವರೇ ಬರೆಯಬೇಕು ಅಂದರೆ ಅರ್ಧ ಲೈಬ್ರರಿಗೆ ಬೀಗ ಹಾಕಬೇಕಾಗುತ್ತೆ. ಅವರ ಸಿಟ್ಟಿಗೆ ಕೈಮುಗೀತೀನಿ. ಪುಸ್ತಕವಾಗಿ ನನಗೆ ಉಳಿಯೋದು ಇಬುಸೆಯೇ, ಕ್ಷಮಿಸಿ.

ಪುಟಗಳ್ಳ: ನನ್ನ ಪಟ್ಟಿ ಬಿಟ್ಟು ನೀವಿಬ್ಬರೇ ಜಗಳಕ್ಕೆ ಬಿದ್ರಿ, ಚೆನ್ನಾಗಿದೆ! ಅಂದಹಾಗೆ ಮಕ್ಕಳಿಗೆ ಗೆನ್ ಕೊಡಬಹುದಾ? 2012ರಲ್ಲಿ ಜಪಾನಿನ ಮಾತ್ಸುಯೆ ನಗರದಲ್ಲಿ ಶಾಲಾ ಲೈಬ್ರರಿಗಳ ಕಪಾಟಿನಿಂದ ಅದನ್ನ ಒಳಗಿಡಿಸಿದ್ರು. ಗಲಾಟೆಯಾಗಿ ಮರುವರ್ಷ ಆ ನಿರ್ಧಾರ ವಾಪಸ್ ತಗೊಂಡ್ರು. ನನ್ನ ಅಕ್ಕನ ಮಗನಿಗೆ ಒಂಬತ್ತು.

ಸಂಜೆಓದು: ಒಂಬತ್ತಕ್ಕೆ ಬೇಡ. ಕೊಟ್ಟರೂ ಪಕ್ಕದಲ್ಲಿ ಕೂತು ಓದಿಸಿ.

ಮಸಿಕುಂಚ: ಆರು ವರ್ಷದವ ಕಣ್ಣಾರೆ ನೋಡಿದ್ದನ್ನು ಒಂಬತ್ತರವ ಚಿತ್ರದಲ್ಲಿ ನೋಡಬಾರದಾ? ಪಕ್ಕದಲ್ಲಿ ಕೂರುವುದು ಸರಿ.

ಪುಟಗಳ್ಳ: ಆಯ್ತು, ಕೂರ್ತೀನಿ. ನಿನ್ನೆ ರಾತ್ರಿ ಡೈರಿ ಭಾಗ ಮತ್ತೆ ತೆಗೆದೆ. ಶಿಗೆಮಾತ್ಸುವಿನ ಹೆಂಡತಿ ಶಿಗೆಕೊ, ಯುದ್ಧಕಾಲದಲ್ಲಿ ಏನೇನು ತಿಂದು ಬದುಕಿದ್ವಿ ಅಂತ ಬರೆದುಕೊಡೋ ಪುಟಗಳಿವೆಯಲ್ಲ, ಮೊದಲ ಸಲ ಅದನ್ನ ಹಾರಿಸಿಬಿಟ್ಟಿದ್ದೆ. ಕಾದಂಬರಿಯ ಸ್ಟಾರ್ ಸದ್ಯಕ್ಕೆ ಅಳಿಸಿದ್ದೀನಿ. ಗೆನ್‌ನ ಐದು ಹಾಗೇ ಇರುತ್ತೆ, ಸೂರ್ಯನ ಬಗ್ಗೆ ಬರೆದು ಸೇರಿಸ್ತೀನಿ. ವರ್ಷದ ಲೆಕ್ಕದಲ್ಲಿ ಒಂಬತ್ತು ಕಳೀಲಾ ಅಂತ?

ಹಾವೇರಿ ಹುಡುಗ: ಯಾಕ ಕಳೀತೀರಿ, ಇರ್ಲಿ ಬಿಡ್ರಿ. ನನ್ನ ಹಂತ್ಯಾಕ ಒಂದನೇದು ಅಷ್ಟ ಐತಿ. ಎರಡನೇದು ಒಂದ್ವಾರದ ಮಟ್ಟಿಗೆ ಕಳಸ್ತೀರೇನು? ಆ ಹುಡುಗಂದು ಮುಂದೇನಾತು ಅಂತ ನಮ್ಮಪ್ಪ ದಿನಾ ಕೇಳಾಕತ್ತಾರ.