ದಿನವಿಡೀ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಹಾಕಿಕೊಂಡರೆ ಕಿವಿಗೆ ಏನಾಗುತ್ತದೆ?

ಸದ್ದಿಲ್ಲ:
ಕೆಲಸದ ಹೊತ್ತಿನಲ್ಲಿ ಏಳೆಂಟು ಗಂಟೆ ಕಿವಿ ಪೂರ್ತಿ ಮುಚ್ಚುವ ಎಎನ್‌ಸಿ (ಆಕ್ಟಿವ್ ನಾಯ್ಸ್ ಕ್ಯಾನ್ಸಲಿಂಗ್, ಅಂದರೆ ಹೊರಗಿನ ಸದ್ದನ್ನು ಅಳಿಸುವ ವ್ಯವಸ್ಥೆ) ಹೆಡ್‌ಫೋನ್ ಬಳಕೆ. ಅರ್ಧ ಹೊತ್ತು ಹಾಡೂ ಇರುವುದಿಲ್ಲ, ಬರೀ ಎಎನ್‌ಸಿ ಆನ್. ಮೂರು ಅನುಮಾನಗಳಿವೆ. ಆನ್ ಮಾಡಿದ ಕೂಡಲೇ ಬೆಟ್ಟ ಹತ್ತುವಾಗಿನ ಹಾಗೆ ಕಿವಿ ಕಟ್ಟಿಕೊಳ್ಳುತ್ತದಲ್ಲ, ಅದು ನಿಜವಾದ ಒತ್ತಡವೇ? ಸದ್ದನ್ನು ಅಳಿಸಲು ಇನ್ನೊಂದು ಸದ್ದು ಬಿಡುತ್ತದೆ ಅಂದರೆ ಕಿವಿಗೆ ಎರಡೂ ಬಡಿಯುವುದಿಲ್ಲವೇ? ತೆಗೆದ ಮೇಲೆ ಪಾತ್ರೆ, ಕೀಬೋರ್ಡ್ ಸದ್ದು ಚುಚ್ಚಿದ ಹಾಗೆ ಕೇಳುವುದು ಕಿವಿ ಹಾಳಾಗುತ್ತಿರುವ ಲಕ್ಷಣವೇ? 'ಬಳಸಲೇಬೇಡಿ' ಅನ್ನುವ ಉತ್ತರ ಬೇಡ, ಹೇಗೆ ಬಳಸಬೇಕು ಹೇಳಿ.

ಡೆಸಿಬೆಲ್:
ಎರಡನೆಯದನ್ನು ಮೊದಲು ನೋಡೋಣ. ಸದ್ದು ಅಂದರೆ ಗಾಳಿಯ ಒತ್ತಡದ ಏರಿಳಿತ. ಕಪ್‌ನ ಹೊರಗೊಂದು, ಒಳಗೊಂದು ಮೈಕ್ ಇರುತ್ತದೆ. ಹೊರಗಿನ ಸದ್ದು ಒತ್ತಡ ಏರಿಸುವ ಗಳಿಗೆಯಲ್ಲೇ ಸ್ಪೀಕರ್ ಹೆಚ್ಚುಕಡಿಮೆ ಅಷ್ಟನ್ನೇ ಇಳಿಸುತ್ತದೆ. ಕಿವಿತಮಟೆಗೆ ತಲುಪುವುದು ಒಂದರಿಂದ ಇನ್ನೊಂದು ಕಳೆದು ಉಳಿದದ್ದು ಮಾತ್ರ. ಹಾಗಾಗಿ ಎರಡು ಪೆಟ್ಟು ಬೀಳುವುದಿಲ್ಲ, ಬೀಳುವ ಪೆಟ್ಟೇ ಕಡಿಮೆಯಾಗುತ್ತದೆ. ಆದರೆ ಈ ಆಟ ಚೆನ್ನಾಗಿ ನಡೆಯುವುದು ಸುಮಾರು 1000 ಹರ್ಟ್ಸ್ ಕೆಳಗೆ: ಎಂಜಿನ್, ಫ್ಯಾನ್, ಏಸಿಯ ಗುಂಯ್‌ಗುಡುವಿಕೆ. ಅದರ ಮೇಲೆ ಅಲೆಗಳು ಗಿಡ್ಡ, ತುಸು ತಡವಾದರೂ ತಾಳ ತಪ್ಪುತ್ತದೆ. ಅಲ್ಲಿ ಸದ್ದು ತಡೆಯುವುದು ಬರೀ ಕುಶನ್.

ಕಿವಿ ಕಟ್ಟುವ ವಿಷಯಕ್ಕೆ ಬಂದರೆ, ಎಎನ್‌ಸಿ ಕಿವಿಯೊಳಗೆ ಗಾಳಿ ತುಂಬುವುದಿಲ್ಲ. ಬೆಟ್ಟ ಹತ್ತುವಾಗ ಕಿವಿತಮಟೆಯ ಎರಡೂ ಬದಿಯ ಒತ್ತಡ ಬೇರೆಯಾಗಿ ಗುಂಯ್‌ಗುಡುವಂಥ ತಗ್ಗು ಸ್ವರದ ಸದ್ದುಗಳು ಮಂಕಾಗುತ್ತವೆ. ಎಎನ್‌ಸಿ ಕೂಡ ಅವನ್ನೇ ತೆಗೆಯುವುದರಿಂದ ಮಿದುಳು ಅದನ್ನು ಒತ್ತಡ ಅಂತ ಓದುತ್ತದೆ ಅನ್ನುವುದು ಸಾಮಾನ್ಯ ವಿವರಣೆ. ಉಗುಳು ನುಂಗಿದರೂ ಹೋಗುವುದಿಲ್ಲ, ಹೋಗಲು ಅಲ್ಲಿ ಒತ್ತಡವೇ ಇಲ್ಲ. ಆಪ್‌ನಲ್ಲಿ ಎಎನ್‌ಸಿ ಮಟ್ಟವನ್ನು ಒಂದೆರಡು ಹಂತ ಇಳಿಸಿ. ತಲೆ ಸುತ್ತಿದರೆ, ಓಕರಿಕೆ ಬಂದರೆ ಆಫ್ ಮಾಡಿ, ಕೆಲವರಿಗೆ ಅದು ಒಗ್ಗುವುದೇ ಇಲ್ಲ. ದವಡೆ ಆಡಿಸಿದಾಗ ಗುಬ್‌ಗುಬ್ ಅಂದರೆ ಕನ್ನಡಕದ ಕಡ್ಡಿಯೋ ಕೂದಲೋ ಕುಶನ್ ಕೆಳಗೆ ಸಿಕ್ಕಿ ಸಂದಿ ಬಿಟ್ಟಿದೆ.

ನಿಜವಾದ ಅಪಾಯ ವಾಲ್ಯೂಮ್. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ವಯಸ್ಕರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ, ಮಕ್ಕಳಿಗೆ 75ರಲ್ಲಿ 40 ಗಂಟೆ. ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಗದ್ದಲದಲ್ಲಿ ಸಾಧಾರಣ ಇಯರ್‌ಫೋನ್ ಹಾಕಿದವರು ಗದ್ದಲವನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಲೇ ಹೋಗುತ್ತಾರೆ. ಎಎನ್‌ಸಿಯ ದೊಡ್ಡ ಲಾಭ ಅದನ್ನು ತಪ್ಪಿಸುವುದು, ಅದೂ ಎಎನ್‌ಸಿ ಆನ್ ಮಾಡಿದ ಮೇಲೆ ನೀವು ವಾಲ್ಯೂಮ್ ಇಳಿಸಿದರೆ ಮಾತ್ರ. ಐಫೋನ್‌ನ ಹೆಡ್‌ಫೋನ್ ಸೇಫ್ಟಿಯಲ್ಲಿ ಮೇಲ್ಮಿತಿಯನ್ನು 75ರಿಂದ 100ರೊಳಗೆ ಕಟ್ಟಿಡಬಹುದು. 80ಕ್ಕೆ ಇಟ್ಟು ಮರೆತುಬಿಡಿ.

ಕಿವಿಮಾತು:
ಮೇಲಿನದೆಲ್ಲ ಸರಿ, ಆದರೆ 'ವಾಲ್ಯೂಮ್ ಇಳಿಸಿದರೆ ಮುಗೀತು' ಅನ್ನಲು ನಾನು ಒಪ್ಪುವುದಿಲ್ಲ. ಮೂರನೆಯ ಪ್ರಶ್ನೆಗೂ ವಾಲ್ಯೂಮ್‌ಗೂ ಸಂಬಂಧವಿರಬೇಕಾಗಿಲ್ಲ. ಒಳಬರುವ ಸದ್ದು ಕಡಿಮೆಯಾದಾಗ ಶ್ರವಣ ವ್ಯವಸ್ಥೆ ತನ್ನ ಗ್ರಹಿಕೆಯನ್ನು ತಾನೇ ಏರಿಸಿಕೊಳ್ಳುತ್ತದೆ. ಆರೋಗ್ಯವಂತರು ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಇಯರ್‌ಪ್ಲಗ್ ಹಾಕಿಕೊಂಡ ಪ್ರಯೋಗದಲ್ಲಿ, ಮೊದಲು ಸಹಜ ಅನ್ನಿಸುತ್ತಿದ್ದ ಸದ್ದೇ ಅವರಿಗೆ ಜೋರಾಗಿ ಕೇಳತೊಡಗಿತ್ತು. ನಿಮ್ಮ ಬಳಕೆ ಅಷ್ಟಿಲ್ಲ, ಆದರೂ ದಿಕ್ಕು ಅದೇ. ಇದು ಕಿವಿಯ ನರ ಸತ್ತ ಲಕ್ಷಣವಲ್ಲ, ಸಾಮಾನ್ಯವಾಗಿ ಮರಳಿ ಸರಿಹೋಗುತ್ತದೆ. ಎಎನ್‌ಸಿಯಿಂದ ಹದಿಹರೆಯದವರಿಗೆ ಗದ್ದಲದಲ್ಲಿ ಮಾತು ಬಿಡಿಸಿಕೊಳ್ಳುವ ಶಕ್ತಿಯೇ ಕುಂದುತ್ತದೆ ಎಂಬ ಸುದ್ದಿಯೂ ಓಡಾಡುತ್ತಿದೆ. ಅದು ಅನುಮಾನವಷ್ಟೇ, ಸಾಬೀತಾಗಿಲ್ಲ.

ಮಾಡಬೇಕಾದ್ದು: ಹಾಡೂ ಇಲ್ಲದ, ಗದ್ದಲವೂ ಇಲ್ಲದ ಕೋಣೆಯಲ್ಲಿ ಎಎನ್‌ಸಿ ಬೇಡ. ಗಂಟೆಗೊಮ್ಮೆ ಐದು ಹತ್ತು ನಿಮಿಷ ತೆಗೆದಿಡಿ. ನಡುವೆ ಒಂದಷ್ಟು ಹೊತ್ತು ಟ್ರಾನ್ಸ್‌ಪರೆನ್ಸಿ ಮೋಡ್‌ನಲ್ಲಿರಿ, ಅಂದರೆ ಹೊರಗಿನ ಸದ್ದನ್ನು ಮೈಕ್ ಮೂಲಕ ಒಳಗೆ ಬಿಡುವ ಮೋಡ್. ಸದ್ದು ಚುಚ್ಚುತ್ತದೆ ಅಂತ ಇನ್ನಷ್ಟು ಹೊತ್ತು ಮುಚ್ಚಿಕೊಂಡಿರುವುದೇ ಎಲ್ಲರೂ ಮಾಡುವ ತಪ್ಪು, ಅದರಿಂದ ಚುಚ್ಚುವಿಕೆ ಹೆಚ್ಚುತ್ತದೆ. ನಿಶ್ಶಬ್ದದಲ್ಲಿ ಕಿವಿಯಲ್ಲಿ ಕುಂಯ್ ಅನ್ನುವುದು ಎದ್ದು ಕೇಳಿದರೆ ಮಳೆಯಂಥ ಮೆಲುಸದ್ದು ಹಾಕಿಕೊಳ್ಳಿ. ಒಂದೇ ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮಾತ್ರ ಹೆಡ್‌ಫೋನ್‌ನಿಂದಲೇ ಇರಬೇಕು ಅಂದುಕೊಂಡು ಕೂರಬೇಡಿ. ಅದೇ ದಿನ ಇಎನ್‌ಟಿ ವೈದ್ಯರನ್ನು ಕಾಣಿ, ತಡವಾದಷ್ಟೂ ಚಿಕಿತ್ಸೆಗೆ ಸ್ಪಂದನೆ ಕಡಿಮೆ.

ಗುಂಯ್:
ಚರ್ಮ ಮತ್ತು ತಲೆಯ ಬಗ್ಗೆ ಯಾರೂ ಹೇಳಲಿಲ್ಲ. ದಿನವಿಡೀ ಹಾಕುವವರನ್ನು ಕಾಡುವುದು ಹೆಚ್ಚಾಗಿ ಇವೇ. ಕಿವಿಯೊಳಗೆ ತೂರಿಸುವ ಬಡ್ಸ್ ಗುಗ್ಗೆಯನ್ನು ಒಳಕ್ಕೆ ತಳ್ಳುತ್ತವೆ, ತೇವ ಹಿಡಿದಿಟ್ಟು ಕಿವಿನಾಳಕ್ಕೆ ಸೋಂಕು ತರಬಹುದು. ಸಿಲಿಕಾನ್ ತುದಿಗಳನ್ನು ಕಳಚಿ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಜಾಲರಿಗೆ ನೀರು ತಾಗಿಸಬೇಡಿ. ಅದನ್ನು ಕೆಳಮುಖವಾಗಿ ಹಿಡಿದು ಒಣ ಮೃದು ಬ್ರಷ್ ಆಡಿಸಿದರೆ ಕಸ ಒಳಕ್ಕೆ ಬೀಳುವುದಿಲ್ಲ. ಕಿವಿಗೆ ಕಾಟನ್ ಬಡ್ ಹಾಕಬೇಡಿ. ಕೃತಕ ಚರ್ಮದ ಕುಶನ್ ಅನ್ನು ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಲ್ಲಿ ಒರೆಸಿ. ಸ್ಪಿರಿಟ್ ಹಾಕುತ್ತಿದ್ದರೆ ಬಿರಿಯುತ್ತದೆ, ಬಿರಿದ ಕಡೆ ಗಾಳಿ ಸೋರಿ ಎಎನ್‌ಸಿಯೇ ಸೊರಗುತ್ತದೆ.

ಹೆಡ್‌ಫೋನಿನ ತಲೆಪಟ್ಟಿಯ ಬಿಗಿತದಿಂದಲೂ ತಲೆನೋವು ಬರುತ್ತದೆ. ಗುರುತು ಸುಲಭ: ಒತ್ತುವ ಜಾಗದಲ್ಲೇ ನೋವು, ತೆಗೆದ ಗಂಟೆಯೊಳಗೆ ಮಾಯ. ಕಪ್‌ಗಳ ನಡುವೆ ನಿಮ್ಮ ತಲೆಗಿಂತ ಸ್ವಲ್ಪವೇ ಅಗಲದ ಪುಸ್ತಕದ ಕಟ್ಟು ಇಟ್ಟು ರಾತ್ರಿ ಬಿಟ್ಟರೆ ಸಡಿಲಾಗುತ್ತದೆ. ಹೆಚ್ಚು ಸಡಿಲಿಸಿದರೆ ಮತ್ತೆ ಸೋರಿಕೆ.

ಇನ್ನೊಂದು, ಗ್ರೈಂಡರ್, ಡ್ರಿಲ್ ಹತ್ತಿರ ಇದನ್ನು ಕಿವಿರಕ್ಷಕ ಅಂತ ನಂಬಬೇಡಿ. ಅವುಗಳ ಕೀರಲು ಸದ್ದು ಎಎನ್‌ಸಿಗೆ ಸಿಗುವುದಿಲ್ಲ. ಅಲ್ಲಿಗೆ ಬೇಕಾದದ್ದು ಎಷ್ಟು ಡೆಸಿಬೆಲ್ ತಡೆಯುತ್ತದೆ ಅನ್ನುವ ರೇಟಿಂಗ್ ಇರುವ ಇಯರ್‌ಮಫ್ಸ್, ಅದು ಬೇರೆಯೇ ವಸ್ತು.

ಸದ್ದಿಲ್ಲ:
ಉಪಯುಕ್ತ. ಇನ್ನೊಂದು ಮಾತ್ರ: ಕಾಲ್‌ನಲ್ಲಿ ನನ್ನ ದನಿಯೇ ಕೊಡದೊಳಗೆ ಮಾತಾಡಿದಂತೆ ಕೇಳುತ್ತದೆ, ಗಂಟಲೂ ಬೇಗ ದಣಿಯುತ್ತದೆ.

ಡೆಸಿಬೆಲ್:
ಕಿವಿ ಮುಚ್ಚಿದಾಗ ಮೂಳೆಯ ಮೂಲಕ ಬರುವ ದನಿ ಹೊರಹೋಗಲಾರದೆ ನಾಳದಲ್ಲೇ ಮೊಳಗುತ್ತದೆ. ಗಾಳಿಯಲ್ಲಿ ಬರುವ ಸ್ಪಷ್ಟ ದನಿ ಸಿಗದೆ ಜನ ಗೊತ್ತಿಲ್ಲದೆ ಜೋರಾಗಿ ಮಾತಾಡುತ್ತಾರೆ, ಗಂಟಲು ದಣಿಯುವುದು ಅದಕ್ಕೇ. ಆಪ್‌ನಲ್ಲಿ ಸೈಡ್‌ಟೋನ್ (ನಿಮ್ಮದೇ ದನಿಯನ್ನು ಮೈಕ್‌ನಿಂದ ನಿಮ್ಮ ಕಿವಿಗೆ ಕೇಳಿಸುವ ಆಯ್ಕೆ) ಇದ್ದರೆ ಮಧ್ಯಮಕ್ಕೆ ಇಡಿ. ಇಲ್ಲವಾದರೆ ಕಾಲ್ ಹೊತ್ತಿಗೆ ಟ್ರಾನ್ಸ್‌ಪರೆನ್ಸಿ, ಅದೂ ಇಲ್ಲವಾದರೆ ಒಂದು ಕಪ್ಪನ್ನು ಕಿವಿಯ ಹಿಂದಕ್ಕೆ ಸರಿಸಿ.