ಉಯಿಲಿಗಿಂತ ಮೊದಲೇ ಆಸ್ತಿಪಟ್ಟಿ! 1661ರ ಮ್ಯಾಸಚೂಸೆಟ್ಸ್ ದಾಖಲೆಯ ಗೊಂದಲ

ಬಾಸ್ಟನ್‌ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರದು ಎಸೆಕ್ಸ್ ಕೌಂಟಿಯ ಇಪ್ಸ್‌ವಿಚ್ ಊರಿನ ಹಳೆಯ ಮನೆತನ. 1630ರ ದಶಕದಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದವರಂತೆ. ಅವರಿಗಾಗಿ ವಂಶವೃಕ್ಷ ಬರೆಯಲು ಹೊರಟು ಮೂಲಪುರುಷನ ಬಳಿಯೇ ಸಿಕ್ಕಿಹಾಕಿಕೊಂಡಿದ್ದೇನೆ. ಆತ ಉಯಿಲು ಬರೆದದ್ದು 1661ರ ಡಿಸೆಂಬರ್ 10. ಸತ್ತ ಮೇಲೆ ಆಸ್ತಿಪಟ್ಟಿ ಮಾಡಿದ್ದು 1661ರ ನವೆಂಬರ್ 18! ಅಂತರ್ಜಾಲದ ವೃಕ್ಷಗಳಲ್ಲಿ ಇದಕ್ಕೆ ಸುಲಭದ ಉಪಾಯ ಮಾಡಿದ್ದಾರೆ: ಒಂದೇ ಹೆಸರಿನ ಇಬ್ಬರನ್ನು ಸೃಷ್ಟಿಸಿ, ಮಕ್ಕಳನ್ನು ಇಬ್ಬರಿಗೂ ಹಂಚಿಬಿಟ್ಟಿದ್ದಾರೆ. ಇದನ್ನು ನಂಬಬಹುದೇ?

ಹಳೆಯಕಡತ:
ನಂಬುವ ಮೊದಲು ಒಂದು ಮಾತು. ನವೆಂಬರ್ ಎಂದು ದಾಖಲೆಯಲ್ಲೇ ಇದೆಯೇ, ಅಥವಾ ನಕಲು ಮಾಡಿದವರು ಬರೆದದ್ದೇ? ಮೂಲದ ಚಿತ್ರ ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿ ಸಿಗಬಹುದು. ತಾರೀಖಿನ ಸಾಲನ್ನು ಇದ್ದಂತೆಯೇ ಇಲ್ಲಿ ಬರೆಯಿರಿ.

ಬಾಸ್ಟನ್‌ಸೊಸೆ:
ಸಿಕ್ಕಿತು ಸರ್. ಉಯಿಲಿನಲ್ಲಿ ಡಿಸೆಂಬರ್ ಎಂದೇ ಇದೆ. ಆಸ್ತಿಪಟ್ಟಿಯ ತಲೆಯಲ್ಲಿ ಮಾತ್ರ "18ನೆಯ ದಿನ, 11ನೆಯ ತಿಂಗಳು, 1661". ಕೆಳಗೆ ಎರಡು ಹಸು, ಒಂದು ಕಬ್ಬಿಣದ ಪಾತ್ರೆ, ಬಂದೂಕು, ಹಳೆಯ ಕಂಬಳಿ, ಬೈಬಲ್. ಒಂದೊಂದಕ್ಕೂ ಪೌಂಡು, ಶಿಲ್ಲಿಂಗ್, ಪೆನ್ಸ್ ಲೆಕ್ಕದಲ್ಲಿ ಬೆಲೆ ಕಟ್ಟಿದ್ದಾರೆ.

ಹಳೆಯಕಡತ:
ಗಂಟು ಬಿಚ್ಚಿತು. ಅದು ನವೆಂಬರ್ ಅಲ್ಲ, ಜನವರಿ.

1752ಕ್ಕಿಂತ ಮೊದಲು ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಹೆಚ್ಚು ಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಹಾಗಾಗಿ ಮಾರ್ಚ್ ಒಂದನೆಯ ತಿಂಗಳು, ಡಿಸೆಂಬರ್ ಹತ್ತನೆಯದು, ಜನವರಿ ಹನ್ನೊಂದನೆಯದು, ಫೆಬ್ರವರಿ ಹನ್ನೆರಡನೆಯದು. ತಿಂಗಳುಗಳಿಗೆ ರೋಮನ್ ದೇವತೆಗಳ ಹೆಸರಿರುವುದು ಆ ಕಾಲದ ಕಟ್ಟುನಿಟ್ಟಿನ ಕ್ರೈಸ್ತ ಪಂಥಗಳಾದ ಪ್ಯೂರಿಟನ್ನರಿಗೂ ಕ್ವೇಕರರಿಗೂ ಸೇರುತ್ತಿರಲಿಲ್ಲ. ಅದಕ್ಕೇ ಅಂಕಿ ಹಾಕುತ್ತಿದ್ದರು. ಆ ಜನವರಿಗೆ ಅವರ ಲೆಕ್ಕದಲ್ಲಿ 1661 ಇನ್ನೂ ಮುಗಿದಿರಲಿಲ್ಲ. ನಮ್ಮ ಲೆಕ್ಕದಲ್ಲಿ ಅದು 1662.

ಅಂದರೆ ಡಿಸೆಂಬರ್ 10ಕ್ಕೆ ಉಯಿಲು, ಸುಮಾರು ಐದೂವರೆ ವಾರದ ನಂತರ ಆಸ್ತಿಪಟ್ಟಿ. ಹಾಸಿಗೆ ಹಿಡಿದ ಮೇಲೆ ಉಯಿಲು ಬರೆಸುತ್ತಿದ್ದ ಕಾಲವದು, ಇದರಲ್ಲಿ ವಿಚಿತ್ರವೇನೂ ಇಲ್ಲ. ನಿಮ್ಮ ಟಿಪ್ಪಣಿಯಲ್ಲಿ "18 ಜನವರಿ 1661/62" ಎಂದು ಎರಡೂ ವರ್ಷ ಬರೆಯಿರಿ. ಹಳೆಯ (ಜೂಲಿಯನ್) ಪಂಚಾಂಗಕ್ಕೂ ಈಗ ನಾವು ಬಳಸುವ ಹೊಸದಕ್ಕೂ (ಗ್ರೆಗೋರಿಯನ್) ಆಗ ಇದ್ದ ಹತ್ತು ದಿನಗಳ ಅಂತರವನ್ನು ಸರಿಪಡಿಸಲು ಹೋಗಬೇಡಿ. ಹಾಗೆ ಮಾಡಿದರೆ ನಿಮ್ಮ ನಂತರ ನೋಡುವವರಿಗೆ ಮೂಲದೊಂದಿಗೆ ತಾಳೆಯೇ ಆಗುವುದಿಲ್ಲ.

ಕಾವೇರಿಕೊಳ್ಳ:
ನಡುವೆ ಬಾಯಿ ಹಾಕುತ್ತಿದ್ದೇನೆ. ತಾರೀಖು ಸರಿಹೋಯಿತೆಂದ ಮಾತ್ರಕ್ಕೆ ಊರಿನಲ್ಲಿ ಆ ಹೆಸರಿನವನು ಒಬ್ಬನೇ ಇದ್ದನೆಂದು ಸಾಬೀತಾಗುವುದಿಲ್ಲ. ದಾಖಲೆಗಳಲ್ಲಿ ಸೀನಿಯರ್, ಜೂನಿಯರ್ ಎಂದು ಕಂಡರೆ ಅಪ್ಪ-ಮಗ ಎಂದುಕೊಳ್ಳಬೇಡಿ. ಒಂದೇ ಹೆಸರಿನ ಹಿರಿಯ ಮತ್ತು ಕಿರಿಯ, ಅಷ್ಟೇ, ಸಂಬಂಧವೇ ಇಲ್ಲದಿರಬಹುದು. ಹಿರಿಯ ಸತ್ತರೆ ನಿನ್ನೆಯ ಜೂನಿಯರ್ ಇಂದು ಸೀನಿಯರ್ ಆಗುತ್ತಾನೆ.

ಜಮೀನಿನ ಕ್ರಯಪತ್ರಗಳನ್ನು ಹುಡುಕಿ. ಚೆಕ್ಕುಬಂದಿಯಲ್ಲಿ ಅಕ್ಕಪಕ್ಕದವರ ಹೆಸರಿರುತ್ತದೆ. ಅದೇ ನೆರೆಹೊರೆ ಉಯಿಲಿನ ಜಮೀನಿಗೂ ಹೊಂದಿದರೆ ವ್ಯಕ್ತಿ ಒಬ್ಬನೇ ಎನ್ನಲು ಬಲ ಬರುತ್ತದೆ. ಮುಂದಿನ ತಲೆಮಾರಿನಲ್ಲಿ ಯಾರಾದರೂ ಉಯಿಲಿಲ್ಲದೆ ಸತ್ತಿದ್ದರೆ ಇನ್ನೂ ಒಳ್ಳೆಯದು. 1641ರ ಮ್ಯಾಸಚೂಸೆಟ್ಸ್ ಕಾನೂನಿನಂತೆ ಸಾಮಾನ್ಯವಾಗಿ ಹಿರಿಯ ಮಗನಿಗೆ ಇಮ್ಮಡಿ ಪಾಲು. ಹಿಸ್ಸೆ ನೋಡಿಯೇ ಹಿರಿಯನು ಯಾರೆಂದು ಊಹಿಸಬಹುದು.

ಬಾಸ್ಟನ್‌ಸೊಸೆ:
ಇಬ್ಬರಿಗೂ ಧನ್ಯವಾದ. ಇನ್ನೊಂದು ಅನುಮಾನ: ಅದೇ ವೃಕ್ಷಗಳಲ್ಲಿ ಆತನ ಹೆಂಡತಿ ಒಬ್ಬ ಗವರ್ನರರ ಮೊಮ್ಮಗಳಂತೆ. ಅತ್ತೆಯವರಿಗಂತೂ ಇದು ಬಹಳ ಇಷ್ಟವಾಗಿದೆ.

ಹಳೆಯಕಡತ:
ಆಗದೇ ಇರುತ್ತದೆಯೇ! ಆದರೆ 1620ರಲ್ಲಿ ಇಂಗ್ಲೆಂಡಿನಿಂದ ವಲಸಿಗರನ್ನು ಹೊತ್ತು ತಂದ ಮೇಫ್ಲವರ್ ಹಡಗಿನಲ್ಲಿ ಬಂದ ಜಾನ್ ಹೌಲ್ಯಾಂಡ್‌ನ ಕಥೆ ಕೇಳಿ. ಆತನ ಹೆಂಡತಿ ಎಲಿಜಬೆತ್ ಗವರ್ನರ್ ಕಾರ್ವರ್‌ನ ವಂಶದವಳೆಂದು ಬಹುಕಾಲ ನಂಬಿದ್ದರು. ಅದೇ ಹಡಗಿನಲ್ಲಿ ಬಂದು ಆ ವಸಾಹತಿನ ಚರಿತ್ರೆ ಬರೆದ ವಿಲಿಯಂ ಬ್ರ್ಯಾಡ್‌ಫರ್ಡ್‌ನ ಕಣ್ಮರೆಯಾಗಿದ್ದ ಹಸ್ತಪ್ರತಿ ಲಂಡನ್ ಬಿಷಪ್‌ರ ಗ್ರಂಥಾಲಯದಲ್ಲಿ ಪತ್ತೆಯಾಗಿ, 1856ರಲ್ಲಿ ಅಚ್ಚಾಯಿತು. ಅದರಲ್ಲಿ ಆಕೆ ಅದೇ ಹಡಗಿನ ಜಾನ್ ಟಿಲ್ಲಿಯ ಮಗಳೆಂದು ಸ್ಪಷ್ಟವಾಗಿ ಬರೆದಿತ್ತು. ಟಿಲ್ಲಿ ಬಂದ ಮೊದಲ ಚಳಿಗಾಲವನ್ನೇ ದಾಟದೆ ಸತ್ತವನು, ಅವನಿಗೆ ಗವರ್ನರ್ ಗಿರಿಯ ಮಾತೆಲ್ಲಿ?

ನಿಮ್ಮ ಮೂಲಪುರುಷನ ಹೆಂಡತಿಯ ಹುಟ್ಟುಮನೆಯ ಹೆಸರು ಹೇಳುವ ಆ ಕಾಲದ ಒಂದು ಕಾಗದವಾದರೂ ಸಿಗುವವರೆಗೆ ಆಕೆಯ ಮನೆತನದ ಜಾಗವನ್ನು ಖಾಲಿ ಬಿಡಿ. 1635ರಿಂದ 1681ರವರೆಗಿನ ಎಸೆಕ್ಸ್ ಕೌಂಟಿಯ ಉಯಿಲು, ಆಸ್ತಿಪಟ್ಟಿಗಳು ಮೂರು ಸಂಪುಟಗಳಲ್ಲಿ ಅಚ್ಚಾಗಿವೆ. ಅಲ್ಲಿ ಆ ಊರಿನ ಅಪ್ಪಂದಿರ ಉಯಿಲುಗಳಲ್ಲಿ ಅಳಿಯನೆಂದು ಇವನ ಹೆಸರು ಬಂದಿದೆಯೇ ನೋಡಿ.

ಬಾಸ್ಟನ್‌ಸೊಸೆ:
ಮೊದಲ ಸಂಪುಟ ತೆರೆದಿದ್ದೇನೆ. ಗವರ್ನರರ ವಿಷಯವನ್ನು ಅತ್ತೆಯವರಿಗೆ ನೀವೇ ಹೇಳಿಕೊಡುವಿರಾದರೆ ಉಪಕಾರವಾಗುತ್ತದೆ.